ಇಡಗುಂಜಿಯ ಮದ್ದಲೆ, ಬೆಂಗಳೂರಿನ ಸಬ್‌ವೂಫರ್

ಹೋದ ವರ್ಷ ಮಳೆಗಾಲ ಹಿಡಿಯುವ ಮೊದಲೇ ಅಪ್ಪನನ್ನು ಊರಿಂದ ಬೆಂಗಳೂರಿಗೆ ಕರ್ಕೊಂಡು ಬಂದೆ. ಊರು ಅಂದ್ರೆ ಹೊನ್ನಾವರ ತಾಲೂಕಿನ ಇಡಗುಂಜಿ ಹತ್ತಿರದ ಒಂದು ಕೇರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಳೆಯಲ್ಲಿ ಎಪ್ಪತ್ತು ದಾಟಿದವರು ಒಬ್ಬರೇ ಇರೋದು ಬೇಡ ಅನ್ನೋದು ನನ್ನ ವಾದ. "ಅಲ್ಲಿ ಬಂದು ನಾನು ಎಂತ ಮಾಡ್ಲಿ?" ಅನ್ನೋದು ಅಪ್ಪನ ವಾದ. ಹೊತ್ತು ಹೋಗಲಿಕ್ಕೆ ಏರ್ಪಾಡು ಮಾಡ್ತೇನೆ ಅಂತ ಹೇಳಿ ನಾನು ಮಾಡಿದ್ದೇನು? ಹಾಲ್‌ನಲ್ಲಿ ಒಂದು ಹೋಂ ಥಿಯೇಟರ್. ಆಸೆ ನನ್ನದು, ಅಪ್ಪ ಬರೀ ನೆಪ ಅಂತ ಹೆಂಡತಿ ಹೇಳಿದ್ದು ಸುಳ್ಳಲ್ಲ.

ಒಂದು ರಿಸೀವರ್, ಮುಂದೆ ಮೂರು ಸ್ಪೀಕರ್, ಸೀಲಿಂಗ್‌ನಲ್ಲಿ ನಾಲ್ಕು, ಮೂಲೆಯಲ್ಲಿ ಒಂದು ಸಬ್‌ವೂಫರ್. ಫ್ಲ್ಯಾಟ್‌ನ ಫಾಲ್ಸ್ ಸೀಲಿಂಗ್ ಮಾಡುವಾಗಲೇ ವೈರ್ ಎಳೆಸಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಎಲ್ಲಾ ಜೋಡಿಸಿ ವಾಲ್ಯೂಮ್ ಏರಿಸಿದೆ. ಎರಡು ನಿಮಿಷ ಹಾಡು ಬಂತು. ಆಮೇಲೆ ರಿಸೀವರ್ ಒಳಗೆ 'ಟಕ್' ಅಂತ ರಿಲೇ ಬಿದ್ದ ಶಬ್ದ, ಪರದೆಯಲ್ಲಿ 'ಪ್ರೊಟೆಕ್ಟ್' ಅಂತ ಮಿಣಮಿಣ. ಸಬ್‌ವೂಫರ್ ಅಂತೂ ಮೊದಲಿನಿಂದಲೂ ಮೌನ.

ಕಾರಣ ಹುಡುಕುತ್ತಾ ಸ್ಟೂಲ್ ಹತ್ತಿದೆ. ಸೀಲಿಂಗ್‌ನ ನಾಲ್ಕೂ ಸ್ಪೀಕರ್‌ಗಳನ್ನು ಒಂದೇ ಜೋಡಿ ವೈರಿಗೆ ಪ್ಯಾರಲಲ್ ಆಗಿ ಕಟ್ಟಿಬಿಟ್ಟಿದ್ದರು. ಒಂದೊಂದು ಸ್ಪೀಕರ್ 8 ಓಮ್. ನಾಲ್ಕನ್ನು ಪ್ಯಾರಲಲ್ ಮಾಡಿದರೆ 2 ಓಮ್. ಮನೆಯಲ್ಲಿಡುವ ಹೆಚ್ಚಿನ ರಿಸೀವರ್‌ಗಳು 4 ಅಥವಾ 6 ಓಮ್‌ಗಿಂತ ಕೆಳಗೆ ಇಳಿಯಬೇಡಿ ಅಂತ ಹಿಂದೆಯೇ ಬರೆದಿರುತ್ತವೆ. ಪಾಪ, ಅದು ತನ್ನ ಜೀವ ಉಳಿಸಿಕೊಳ್ಳಲಿಕ್ಕೆ ಬಾಯಿ ಮುಚ್ಚಿಕೊಂಡಿತ್ತು, ಅಷ್ಟೇ.

ಕೆಳಗೆ ಕುರ್ಚಿಯಲ್ಲಿ ಕೂತು ನೋಡ್ತಿದ್ದ ಅಪ್ಪ ಕೇಳಿದ: "ತೇರಿನ ದಿನ ಒಂದು ಮೈಲಿ ಉದ್ದಕ್ಕೆ ಹತ್ತು ಹಾರ್ನ್ ಕಟ್ತಾರಲ್ಲ, ಅದು ಯಾಕೆ ಹಾಳಾಗುದಿಲ್ಲ?"

ಬಿಇ ಓದಿ ಹದಿನಾಲ್ಕು ವರ್ಷ ಆಯ್ತು. ಈ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಅದರ ಉತ್ತರ ಹುಡುಕಲಿಕ್ಕೆ ಹೋಗಿ, ಸ್ಕ್ರೂಡ್ರೈವರ್ ಬದಿಗಿಟ್ಟು, ನಮ್ಮೂರಿಗೆ ಶಬ್ದ ಬಂದ ದಾರಿಯನ್ನೇ ಹಿಂದಕ್ಕೆ ನಡೆಯಬೇಕಾಯ್ತು.

ಮೊದಲು ವೈರೇ ಇಲ್ಲದ ಕಾಲ. ಇಡಗುಂಜಿ ಅಂದಕೂಡಲೇ ನಿಮಗೆ ನೆನಪಾಗೋದು ಮಹಾಗಣಪತಿ. ನಿಂತಿರುವ, ಎರಡೇ ಕೈಯ ಗಣಪ, ಪಂಚಕಜ್ಜಾಯ ಪ್ರಸಾದ. ನಮ್ಮ ಕಡೆಯವರಿಗೆ ಇನ್ನೊಂದೂ ನೆನಪಾಗುತ್ತದೆ: ಯಕ್ಷಗಾನ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳಕ್ಕೆ ಇದೇ ದೇವರ ಹೆಸರು, ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಹೊನ್ನಾವರದಿಂದ ಹೆದ್ದಾರಿಯಲ್ಲಿ ಮಂಕಿ ಕಡೆ ಬರುವಾಗ ಸಿಗುವ ಗುಣವಂತೆ ಅವರ ನೆಲೆ. ಅವರ ಮಗ ಶಂಭು ಹೆಗಡೆಯವರು, ಈಗ ಮೊಮ್ಮಗ ಶಿವಾನಂದ ಹೆಗಡೆಯವರು ಹೀಗೆ ಮೂರು ತಲೆಮಾರು ಆ ಮೇಳವನ್ನು ನಡೆಸಿಕೊಂಡು ಬಂದಿದೆ.

ಆ ಮೇಳ ಶುರುವಾದ ಕಾಲದಲ್ಲಿ ಆಟ ಅಂದರೆ ಗದ್ದೆ ಬಯಲು, ಪಂಜು ಅಥವಾ ಗ್ಯಾಸ್‌ಲೈಟ್, ನೆಲದ ಮೇಲೆ ಚಾಪೆ. ಮೈಕ್ ಇಲ್ಲ. ಬೆಳಗಿನವರೆಗೆ ಸಾವಿರ ಜನಕ್ಕೆ ಕೇಳಿಸಬೇಕು. ಇದನ್ನು ಹೇಗೆ ನಿಭಾಯಿಸುತ್ತಿದ್ದರು ಅಂತ ಯೋಚನೆ ಮಾಡಿ. ಇವತ್ತು ನಾವು ರಿಸೀವರ್ ಮೆನುವಿನಲ್ಲಿ ಮಾಡುವ ಕೆಲಸವನ್ನು ಅಲ್ಲಿ ಚರ್ಮ, ಮರ ಮತ್ತು ಗಂಟಲು ಹಂಚಿಕೊಂಡಿದ್ದವು.

ಬಡಗುತಿಟ್ಟಿನ ಹಿಮ್ಮೇಳದಲ್ಲಿ ಭಾಗವತರ ಜೊತೆ ಎರಡು ಚರ್ಮವಾದ್ಯ. ಮದ್ದಲೆ ಯಾವಾಗಲೂ ಇರುತ್ತದೆ. ಅದರ ಬಲಮುಖವನ್ನು ಭಾಗವತರ ಶ್ರುತಿಗೆ ಕೂಡಿಸುತ್ತಾರೆ, ಎಡಮುಖ ಕೆಳಗಿನ ಗುಮ್ ಕೊಡುತ್ತದೆ. ಕರುಣ ರಸದ ಪದ್ಯವಿರಲಿ, ಶೃಂಗಾರವಿರಲಿ, ಮದ್ದಲೆಯೇ ಪದ್ಯದ ನೆಲ. ಚೆಂಡೆ ಹಾಗಲ್ಲ. ಎರಡು ಕೋಲು ಹಿಡಿದು ಬಾರಿಸುವ, ಮೇಲಿನ ಷಡ್ಜಕ್ಕೆ ಏರಿಸಿದ ಚೂಪು ದನಿ. ಯುದ್ಧ, ವೀರ, ರಾಕ್ಷಸನ ಪ್ರವೇಶ, ಇಂಥ ಕಡೆ ಮಾತ್ರ ಅದು ಬಾಯಿ ತೆರೆಯುತ್ತದೆ. ತಗ್ಗಿನದ್ದು ಒಬ್ಬರಿಗೆ, ಏರಿನದ್ದು ಇನ್ನೊಬ್ಬರಿಗೆ. ಆಡಿಯೋ ಭಾಷೆಯಲ್ಲಿ ಇದಕ್ಕೇ ಕ್ರಾಸ್‌ಓವರ್ ಅನ್ನೋದು.

ಸಂಜೆ ಆಟಕ್ಕೆ ಮೊದಲು ಚೆಂಡೆ ಬಾರಿಸಿ ಊರಿಗೆ ತಿಳಿಸುವ ಪದ್ಧತಿ ಇತ್ತು. ಕರಾವಳಿಯ ಹಲವು ಕಡೆ ಅದಕ್ಕೆ 'ಕೇಳಿ' ಅಂತಾನೇ ಹೆಸರು. ನೋಟಿಸ್ ಇಲ್ಲ, ವಾಟ್ಸಾಪ್ ಇಲ್ಲ. ಗುಡ್ಡದಾಚೆಯ ಮನೆಯವರೂ ಆ ಶಬ್ದ ಕೇಳಿ ಊಟ ಮುಗಿಸಿ ಸೂಡಿ ಹಚ್ಚಿಕೊಂಡು ಹೊರಡಬೇಕು. ಇದಕ್ಕೆ ಪ್ರಕೃತಿಯ ಸಹಾಯವೂ ಇತ್ತು. ಹಗಲಲ್ಲಿ ನೆಲ ಕಾದಿರುತ್ತದೆ, ಶಬ್ದ ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ರಾತ್ರಿ ನೆಲ ತಣಿದು, ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾದಾಗ, ಶಬ್ದ ಕೆಳಕ್ಕೆ ಬಾಗುತ್ತದೆ. ಹಾಗಾಗಿ ಹಗಲಲ್ಲಿ ಕೇಳದ ದೂರಕ್ಕೆ ರಾತ್ರಿ ಕೇಳುತ್ತದೆ. ಚಳಿಗಾಲದ ರಾತ್ರಿ ಎಲ್ಲೋ ನಡೆಯುವ ಆಟದ ಚೆಂಡೆ ಹಾಸಿಗೆಗೇ ಬಂದು ಎಬ್ಬಿಸುತ್ತಿದ್ದುದು ನಮ್ಮ ಕಡೆಯ ಎಲ್ಲ ಮಕ್ಕಳ ಅನುಭವ.

ಆದರೆ ಹಾಸಿಗೆಗೆ ಬರುತ್ತಿದ್ದುದು ಚೆಂಡೆ ಮಾತ್ರ. ಮದ್ದಲೆ ಬರುತ್ತಿರಲಿಲ್ಲ. ಮದ್ದಲೆ ಬೇಕಾದರೆ ಎದ್ದು ಹೋಗಬೇಕು, ಮುಂದಿನ ಚಾಪೆಯಲ್ಲಿ ಜಾಗ ಹಿಡಿಯಬೇಕು. ಅಪ್ಪ ಇದನ್ನು ಒಂದೇ ಮಾತಲ್ಲಿ ಹೇಳಿದ: "ಚೆಂಡೆ ದೂರದವರಿಗೆ, ಮದ್ದಲೆ ಹತ್ತಿರದವರಿಗೆ." ಈ ಮಾತನ್ನು ಹಿಡಿದುಕೊಳ್ಳಿ. ಮುಂದಿನ ನೂರು ವರ್ಷದ ಕತೆಯೆಲ್ಲ ಇದರಲ್ಲೇ ಇದೆ.

ಈಗ ವೈರ್ ಬಂದ ಕಾಲ. 1915ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬಿಬ್ಬರು ತಮ್ಮ 'ಮ್ಯಾಗ್ನಾವಾಕ್ಸ್' ಧ್ವನಿವರ್ಧಕವನ್ನು ಕ್ರಿಸ್‌ಮಸ್ ಹಿಂದಿನ ದಿನ ದೊಡ್ಡ ಜನಸಂದಣಿಯ ಎದುರು ಕೇಳಿಸಿದರು. ಮ್ಯಾಗ್ನಾವಾಕ್ಸ್ ಅಂದರೆ ಲ್ಯಾಟಿನ್‌ನಲ್ಲಿ ದೊಡ್ಡ ದನಿ. ಹತ್ತು ವರ್ಷ ಬಿಟ್ಟು, 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇನ್ನೊಂದು ಮಾದರಿಯನ್ನು ಪ್ರಕಟಿಸಿದರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಕೋನ್. ವಿದ್ಯುತ್ ಹರಿದಂತೆ ಸುರುಳಿ ಹಿಂದೆ ಮುಂದೆ, ಕೋನ್ ಹಿಂದೆ ಮುಂದೆ, ಗಾಳಿ ಹಿಂದೆ ಮುಂದೆ. ನಿಮ್ಮ ಸೀಲಿಂಗ್ ಸ್ಪೀಕರ್, ಮೂಲೆಯ ಸಬ್‌ವೂಫರ್, ಕಿವಿಯಲ್ಲಿ ಸಿಕ್ಕಿಸಿಕೊಂಡ ಸಾಮಾನ್ಯ ಇಯರ್‌ಫೋನ್, ಎಲ್ಲವೂ ಇವತ್ತಿಗೂ ಇದೇ ಸೂತ್ರದ ಮೇಲೆ ನಡೆಯುವಂಥವು.

ಕನ್ನಡ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಖಾಸಗಿ ರೇಡಿಯೋ ಕೇಂದ್ರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ರೇಡಿಯೋಗೆ ಅಂಟಿದ್ದು ಅಲ್ಲಿಂದ. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾಯ್ತು. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ನಮ್ಮ ಕೇರಿಯಲ್ಲಿ ರೇಡಿಯೋ ಇದ್ದ ಮನೆ ಒಂದೇ. ಸಂಜೆ ವಾರ್ತೆ ಹೊತ್ತಿಗೆ ಅವರ ಜಗಲಿಯಲ್ಲಿ ಇಪ್ಪತ್ತು ಜನ ಕೂರುತ್ತಿದ್ದರಂತೆ. ಒಬ್ಬರ ಮನೆಯ ರೇಡಿಯೋ ಎಲ್ಲರದ್ದೂ ಆಗಿತ್ತು. ಯಾರೂ ಸೌಂಡ್ ಕಡಿಮೆ ಮಾಡಿ ಅನ್ನಲಿಲ್ಲ. ಜೋರು ಮಾಡಿ ಅಂತಿದ್ದರು.

ಅದರ ಜೊತೆಗೇ ಬಂದದ್ದು ಮೈಕ್‌ಸೆಟ್. ಮದುವೆ, ತೇರು, ಆಟ, ಎಲ್ಲ ಕಡೆ ತೆಂಗಿನ ಮರಕ್ಕೆ, ಅಡಿಕೆ ಮರಕ್ಕೆ ಕಟ್ಟಿದ ಹಾರ್ನ್. ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದು ಹಾರ್ನ್ 30 ವ್ಯಾಟ್ ಅಂತ ಇಟ್ಟುಕೊಳ್ಳಿ. 8 ಓಮ್ ಸ್ಪೀಕರ್‌ಗೆ 30 ವ್ಯಾಟ್ ಕೊಡಬೇಕಾದರೆ ಸುಮಾರು 15 ವೋಲ್ಟ್, ಸುಮಾರು 2 ಆಂಪಿಯರ್ ಬೇಕು. ಇನ್ನೂರು ಮೀಟರ್ ದೂರಕ್ಕೆ ತೆಳ್ಳಗಿನ ವೈರ್ ಎಳೆದರೆ ಹೋಗಿಬರುವ ದಾರಿಯ ತಂತಿಯ ಪ್ರತಿರೋಧವೇ 7 ಓಮ್ ಹತ್ತಿರ ಆಗುತ್ತದೆ. ಅಂದ್ರೆ ಅರ್ಧ ಶಕ್ತಿ ವೈರ್ ಕಾಯಿಸಲಿಕ್ಕೇ ಹೋಯ್ತು. ಅದಕ್ಕೆ ಮೈಕ್‌ಸೆಟ್‌ನವರು 100 ವೋಲ್ಟ್ ಲೈನ್ ಬಳಸುತ್ತಾರೆ. ಆಂಪ್ಲಿಫೈಯರ್ ಹೊರಡುವಲ್ಲಿ ವೋಲ್ಟೇಜ್ ಏರಿಸಿ ಕಳಿಸುತ್ತಾರೆ, ಪ್ರತಿ ಹಾರ್ನ್‌ನ ಹತ್ತಿರ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿಕೊಳ್ಳುತ್ತದೆ. ಆಗ ಅದೇ 30 ವ್ಯಾಟ್‌ಗೆ 0.3 ಆಂಪಿಯರ್ ಸಾಕು. ಲೈನಿಗೆ ಒಂದು ಹಾರ್ನ್ 333 ಓಮ್‌ನಂತೆ ಕಾಣುತ್ತದೆ. ಹತ್ತು ಹಾರ್ನ್ ಪ್ಯಾರಲಲ್ ಕಟ್ಟಿದರೂ 33 ಓಮ್. 300 ವ್ಯಾಟ್‌ನ ಆಂಪ್ಲಿಫೈಯರ್ ಇದ್ದರೆ ಆಯ್ತು, ಅದು ಆರಾಮಾಗಿ ಉಸಿರಾಡುತ್ತದೆ.

ಶರಾವತಿಯ ವಿದ್ಯುತ್ ಬೆಂಗಳೂರಿಗೆ ಬರುವುದೂ ಇದೇ ಲೆಕ್ಕದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಹೊನ್ನಾವರದಲ್ಲಿ ಸಮುದ್ರ ಸೇರುವ ನಮ್ಮ ಹೊಳೆಯ ನೀರು ಟರ್ಬೈನ್ ತಿರುಗಿಸಿ, ಹೈ ವೋಲ್ಟೇಜ್ ತಂತಿಯಲ್ಲಿ ದೂರದ ಪಟ್ಟಣಗಳಿಗೆ ಹೊರಟಿತು. ಮೈಕ್‌ಸೆಟ್‌ನ ಹುಡುಗ ಅಡಿಕೆ ಮರ ಹತ್ತಿ ಮಾಡುತ್ತಿದ್ದುದು ಅದರದ್ದೇ ಚಿಕ್ಕ ರೂಪ. ಇವತ್ತು ಮಾಲ್, ಆಫೀಸ್, ರೈಲ್ವೇ ಸ್ಟೇಷನ್‌ಗಳ ಸೀಲಿಂಗ್‌ನಲ್ಲಿ ಸಾಲಾಗಿ ಕಾಣುವ ಸ್ಪೀಕರ್‌ಗಳೂ ಹೆಚ್ಚಾಗಿ ಇದೇ ಜಾತಿಯವು. ಸೀಲಿಂಗ್ ಸ್ಪೀಕರ್ ಕೊಳ್ಳುವಾಗ ಅದು 100 ವೋಲ್ಟ್ ಲೈನಿನದ್ದೋ 8 ಓಮ್‌ನದ್ದೋ ಅಂತ ನೋಡಿಕೊಳ್ಳಿ. ಮನೆಯ ರಿಸೀವರ್‌ಗೆ ಬೇಕಾಗಿರೋದು ಎರಡನೆಯದ್ದು. ನನ್ನ ಎಲೆಕ್ಟ್ರಿಷಿಯನ್ ತಪ್ಪು ಮಾಡಿದ್ದು ಇಲ್ಲೇ ಇರಬೇಕು. ಅಂಗಡಿಗಳ ಕೆಲಸ ಮಾಡಿ ಕೈ ಕೂತಿತ್ತು, ಅಲ್ಲಿಯ ಅಭ್ಯಾಸದಲ್ಲಿ ಎಲ್ಲವನ್ನೂ ಒಂದೇ ಲೈನಿಗೆ ಪೋಣಿಸಿದ್ದ.

ಹಾರ್ನ್ ಬಂದು ನಮ್ಮ ಆಟಕ್ಕೆ ಏನಾಯ್ತು? ಒಳ್ಳೆಯದೂ ಆಯ್ತು. ಮೈಕ್ ಇಲ್ಲದ ಕಾಲದ ಭಾಗವತರು ಏರು ಶ್ರುತಿಯಲ್ಲಿ, ಎದೆ ಬಿಚ್ಚಿ ಹಾಡಲೇಬೇಕಿತ್ತು. ಮೈಕ್ ಬಂದ ಮೇಲೆ ತಗ್ಗಿದ ದನಿಗೂ, ಮೆಲ್ಲಗಿನ ಭಾವಕ್ಕೂ ಜಾಗ ಸಿಕ್ಕಿತು. ಕೆರೆಮನೆ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರ ಪದ್ಯಗಳನ್ನು ಕೇಳಿದವರಿಗೆ ನಾನು ಹೇಳೋದು ಗೊತ್ತಾಗುತ್ತದೆ. ಅರ್ಥ ಹೇಳುವ ವೇಷಧಾರಿಗಳಿಗೂ ಕಿರುಚುವ ಕಷ್ಟ ತಪ್ಪಿತು, ಸೂಕ್ಷ್ಮವಾದ ಮಾತು ಹಿಂದಿನ ಸಾಲಿಗೂ ಮುಟ್ಟಿತು.

ಆದರೆ ಹಾರ್ನ್ ಒಂದನ್ನು ಕೊಟ್ಟು ಇನ್ನೊಂದನ್ನು ನುಂಗಿತು. ಹಾರ್ನ್‌ನ ಬಾಯಿ ಎಷ್ಟು ದೊಡ್ಡದೋ ಅಷ್ಟು ತಗ್ಗಿನ ಶಬ್ದ ಹೊರಗೆ ಬರುತ್ತದೆ. 100 ಹರ್ಟ್ಜ್‌ನ ಶಬ್ದದ ಅಲೆಯ ಉದ್ದ 3.4 ಮೀಟರ್. ಒಂದೂವರೆ ಅಡಿ ಬಾಯಿಯ ಹಾರ್ನ್ ಅದನ್ನು ಏನು ಮಾಡೀತು? ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನದ್ದೆಲ್ಲ ಅದರಲ್ಲಿ ಸೊರಗಿ ಹೋಗುತ್ತದೆ. ಮಾತು ತಿಳಿಯುತ್ತದೆ, ಚೆಂಡೆ ಇನ್ನೂ ಚೂಪಾಗುತ್ತದೆ, ಮದ್ದಲೆಯ ಎಡಮುಖ ಮಾಯ. ಮೊದಲು ದೂರದವರಿಗೆ ಮಾತ್ರ ಮದ್ದಲೆ ಇರಲಿಲ್ಲ. ಈಗ ಹಾರ್ನ್ ಕೆಳಗೆ ಕೂತ ಹತ್ತಿರದವರಿಗೂ ಇಲ್ಲ.

ಆಮೇಲೆ ಕ್ಯಾಸೆಟ್ ಬಂತು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ನಮ್ಮ ಕರಾವಳಿಯಲ್ಲಿ ಅದು ರಾಜ್ಯಭಾರ ಮಾಡಿದ್ದು ಎಂಬತ್ತರ ದಶಕದಲ್ಲಿ. ಗುಂಡ್ಮಿ ಕಾಳಿಂಗ ನಾವಡರ ಪದ್ಯ ಬಸ್ಸಿನಲ್ಲಿ, ಹೋಟೆಲ್‌ನಲ್ಲಿ, ದುಬೈಗೆ ಹೋದವರ ಕೋಣೆಯಲ್ಲಿ, ಎಲ್ಲ ಕಡೆ. 1990ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತೆರಡರ ಆಸುಪಾಸು. ಅವರನ್ನು ರಂಗಸ್ಥಳದಲ್ಲಿ ಕಾಣದ ನನ್ನಂಥವರಿಗೆ ಅವರು ಸಿಕ್ಕಿದ್ದು ಕ್ಯಾಸೆಟ್‌ನಲ್ಲೇ. ಆಟವನ್ನು ಎದ್ದು ಹೋಗದೆ ಕೇಳಬಹುದು ಅಂತ ಮೊದಲು ಕಲಿಸಿದ್ದು ಈ ಕ್ಯಾಸೆಟ್.

ಅಪ್ಪನೂ ಆ ಕಾಲದಲ್ಲಿ ಒಂದು ಟೂ-ಇನ್-ವನ್ ಕೊಂಡಿದ್ದ. ಆಟಕ್ಕೆ ಹೋಗುವಾಗ ಅದನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿ, ರಂಗಸ್ಥಳದ ಎದುರೇ, ಹಿಮ್ಮೇಳಕ್ಕೆ ಹತ್ತಿರ ಕೂತು ರೆಕಾರ್ಡ್ ಮಾಡುತ್ತಿದ್ದ. ಹಾರ್ನ್ ಕೆಳಗೆ ಕೂರಬಾರದು ಅನ್ನುವುದು ಅವನ ಏಕೈಕ ನಿಯಮ. ಆ ಕ್ಯಾಸೆಟ್‌ಗಳಲ್ಲಿ ಉಳಿದ ಒಂಬತ್ತನ್ನು ನಾನು ಡಿಜಿಟಲ್ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ.

ಊರಲ್ಲಿ ಹೀಗಿರುವಾಗ ಜಗತ್ತಿನ ಇನ್ನೊಂದು ತುದಿಯಲ್ಲಿ ಸಿನಿಮಾದವರು ತಗ್ಗಿನ ಶಬ್ದದ ಹಿಂದೆ ಬಿದ್ದಿದ್ದರು. 1974ರಲ್ಲಿ ಯೂನಿವರ್ಸಲ್ ಸ್ಟುಡಿಯೋ 'ಅರ್ತ್‌ಕ್ವೇಕ್' ಸಿನಿಮಾಕ್ಕೆ ಸೆನ್‌ಸರೌಂಡ್ ಎಂಬ ವ್ಯವಸ್ಥೆ ತಂತು. ಥಿಯೇಟರ್‌ಗಳಲ್ಲಿ ಭಾರೀ ಪೆಟ್ಟಿಗೆಗಳನ್ನಿಟ್ಟು ಭೂಕಂಪದ ದೃಶ್ಯದಲ್ಲಿ ಕುರ್ಚಿ ನಡುಗಿಸಿದರು. ಕೇಳಿಸುವುದಕ್ಕಿಂತ ಮೈಗೆ ತಾಗಿಸುವುದು ಅದರ ಉದ್ದೇಶ. ಆಮೇಲೆ 1992ರಲ್ಲಿ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ ಬಂತು. ನಾವು ಬಾಯಿಪಾಠ ಮಾಡಿರುವ 5.1ರಲ್ಲಿ ಐದು ಪೂರ್ತಿ ಚಾನೆಲ್, ಉಳಿದ '.1' ಅಂದರೆ 120 ಹರ್ಟ್ಜ್‌ವರೆಗಿನ ತಗ್ಗಿನ ಶಬ್ದಕ್ಕೆ ಮಾತ್ರ ಮೀಸಲಾದ ಚಾನೆಲ್. 2012ರಲ್ಲಿ ಡಾಲ್ಬಿ ಅಟ್ಮಾಸ್ ಬಂದು ತಲೆಯ ಮೇಲೂ ಸ್ಪೀಕರ್ ಇಟ್ಟಿತು, 2014ರಲ್ಲಿ ಅದು ಮನೆಗೂ ಇಳಿಯಿತು. ನನ್ನ ಸೀಲಿಂಗ್‌ನಲ್ಲಿ ನಾಲ್ಕು ತೂತು ಬಿದ್ದದ್ದು ಈ ಕಾರಣಕ್ಕೆ.

ಇಷ್ಟು ತಿಳಿದುಕೊಂಡು ಮತ್ತೆ ಸ್ಕ್ರೂಡ್ರೈವರ್ ಹಿಡಿದೆ. ನಿಮ್ಮಲ್ಲಿ ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ ಉಪಯೋಗಕ್ಕೆ ಬರಲಿ ಅಂತ ಹೇಳ್ತೇನೆ. ಸೀಲಿಂಗ್‌ನ ಪ್ರತಿ ಸ್ಪೀಕರ್‌ಗೂ ಬೇರೆ ಬೇರೆ ಜೋಡಿ ವೈರ್ ಎಳೆಸಿದೆ. ನನ್ನ ರಿಸೀವರ್‌ನಲ್ಲಿ ಏಳು ಚಾನೆಲ್: ಮುಂದಿನ ಮೂರು, ಸೀಲಿಂಗ್‌ನ ಹಿಂದಿನ ಎರಡು ಸರೌಂಡ್‌ಗೆ, ಮುಂದಿನ ಎರಡು ಹೈಟ್‌ಗೆ. ಒಂದು ಚಾನೆಲ್‌ಗೆ ಒಂದೇ ಸ್ಪೀಕರ್, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಇನ್ನು ಸಬ್‌ವೂಫರ್ ಮೌನವಾಗಿದ್ದುದಕ್ಕೆ ಕಾರಣ ಬೇರೆ. ಅದರೊಳಗೇ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದದ್ದು ರಿಸೀವರ್‌ನ 'ಸಬ್ ಔಟ್'ನಿಂದ ಒಂದೇ ಒಂದು ಆರ್‌ಸಿಎ ಕೇಬಲ್, ಜೊತೆಗೆ ತನ್ನದೇ ಪವರ್ ಪ್ಲಗ್. ಗೋಡೆಯೊಳಗೆ ಅಲ್ಲಿಗೂ ಸ್ಪೀಕರ್ ವೈರನ್ನೇ ಎಳೆದಿಟ್ಟಿದ್ದರು. ಅದನ್ನು ಬಿಟ್ಟು, ಸ್ಕರ್ಟಿಂಗ್ ಪಕ್ಕದಲ್ಲಿ ಆರ್‌ಸಿಎ ಕೇಬಲ್ ಹಾಸಿ 'ಎಲ್ಎಫ್ಇ' ಅಂತ ಬರೆದ ಕಿಂಡಿಗೆ ಕೊಟ್ಟೆ. ರಿಸೀವರ್ ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ 'ಸ್ಮಾಲ್' ಮಾಡಿ, ಮುಂದಿನವಕ್ಕೆ 80 ಹರ್ಟ್ಜ್, ಸೀಲಿಂಗ್‌ನವಕ್ಕೆ 120 ಹರ್ಟ್ಜ್ ಕ್ರಾಸ್‌ಓವರ್ ಇಟ್ಟೆ. ಸಬ್‌ವೂಫರ್ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಟ್ಟೆ. ಒಂದೇ ಕೆಲಸವನ್ನು ಇಬ್ಬರು ಮಾಡಬಾರದು ನೋಡಿ.

ಸಂಜೆ ಅಪ್ಪನನ್ನು ಸೋಫಾದ ನಡುವೆ ಕೂರಿಸಿ ಅವನದ್ದೇ ಕ್ಯಾಸೆಟ್ಟಿನ ಆಟ ಹಾಕಿದೆ. ಜಂಬಕ್ಕೆ, ಎಲ್ಲ ಸ್ಪೀಕರ್‌ನಲ್ಲೂ ಶಬ್ದ ಬರುವ ಮೋಡ್. ಅಪ್ಪ ತಲೆ ಎತ್ತಿ ಸೀಲಿಂಗ್ ನೋಡಿದ. "ಭಾಗವತ್ರು ಅಟ್ಟ ಹತ್ತಿ ಕೂತಿದ್ದಾರಲ್ಲೋ! ಇಳ್ಸು ಮಾರಾಯ ಅವ್ರನ್ನ." ನಗು ಬಂತು, ಆದರೆ ಅವನು ಹೇಳಿದ್ದು ಸರಿ. ಹತ್ತಿರದ ಸ್ಪೀಕರ್‌ನಿಂದ ಮೊದಲು ತಲುಪಿದ ಶಬ್ದದ ಕಡೆಗೇ ನಮ್ಮ ಕಿವಿ ತಿರುಗುತ್ತದೆ. ಭಾಗವತರ ಜಾಗ ರಂಗಸ್ಥಳದ ಹಿಂಬದಿಯ ನಡುವೆ. ಅವರನ್ನು ಮೇಲೆ ಕೂರಿಸುವ ಹಕ್ಕು ನನಗೆಲ್ಲಿಂದ ಬಂತು? ಸೀಲಿಂಗ್ ಸ್ಪೀಕರ್ ಎಲ್ಲ ಆಫ್ ಮಾಡಿದೆ. ಮುಂದಿನ ಎರಡು ಸ್ಪೀಕರ್ ಮತ್ತು ಸಬ್‌ವೂಫರ್ ಮಾತ್ರ ಬಿಟ್ಟೆ.

ಆಗ ಮದ್ದಲೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪನ ಕಿವಿ ಕೆಲವು ವರ್ಷದಿಂದ ಮಂದ. ಬೆಂಗಳೂರಿಗೆ ಬಂದ ವಾರದಲ್ಲೇ ಪರೀಕ್ಷೆ ಮಾಡಿಸಿದ್ದೆ. ಗ್ರಾಫ್ ಎಡದಿಂದ ಬಲಕ್ಕೆ ಘಟ್ಟ ಇಳಿದ ಹಾಗೆ ಇಳಿದಿತ್ತು. ವಯಸ್ಸಾದಂತೆ ಮೊದಲು ಹೋಗೋದು ಏರಿನ ಶಬ್ದ. ಸ, ಶ, ಫ ಅಕ್ಷರಗಳು, ಹಕ್ಕಿಯ ಕೂಗು, ತಾಳದ ಕಿಣಿ, ಚೆಂಡೆಯ ಪೆಟ್ಟಿನ ಚೂಪು. ತಗ್ಗಿನದ್ದು ಕೊನೆಯವರೆಗೆ ಜೊತೆಗಿರುತ್ತದೆ. ಹಾಗಾಗಿ ಇಷ್ಟು ವರ್ಷ ನಾನು ಫೋನ್‌ನಲ್ಲಿ, ಟಿವಿಯಲ್ಲಿ ಆಟ ಹಾಕಿ ಕೊಟ್ಟಾಗ "ಬರೀ ಕಲಕಲ, ಬೇಡ" ಅಂತಿದ್ದುದು ಬೇಜಾರಿನಿಂದಲ್ಲ. ಆ ಪುಟ್ಟ ಸ್ಪೀಕರ್‌ಗಳು ಕೊಡುತ್ತಿದ್ದುದು ಅವನಿಗೆ ಕೇಳದ ಅರ್ಧವನ್ನು. ಕೇಳುವ ಅರ್ಧ ಅವುಗಳಲ್ಲಿ ಇರಲೇ ಇಲ್ಲ. ಸಬ್‌ವೂಫರ್‌ನಿಂದ ಹಳೆಯ ಟೇಪಿನ ಗುಮ್ ಹೊರಟದ್ದೇ ಅಪ್ಪನ ಬಲಗೈ ತೊಡೆ ಮೇಲೆ ತಾಳ ಹಾಕತೊಡಗಿತು. ಐದು ನಿಮಿಷ ಬಿಟ್ಟು, ಯಾವ ಊರಿನ ಬಯಲು, ಯಾವ ವರ್ಷ, ಪಕ್ಕದಲ್ಲಿ ಯಾರು ಕೂತಿದ್ದರು ಅಂತ ಹೇಳುತ್ತಾ ಹೋದ.

ಆ ರಾತ್ರಿ ನೆನಪಾದದ್ದರಲ್ಲಿ 2009ರ ಫೆಬ್ರವರಿಯೂ ಒಂದು. ಇಡಗುಂಜಿಯ ತೇರಿನ ಆಟದಲ್ಲಿ ವೇಷ ಮಾಡುತ್ತಿದ್ದಾಗಲೇ ಶಂಭು ಹೆಗಡೆಯವರು ಅಸ್ವಸ್ಥರಾಗಿ ತೀರಿಕೊಂಡರು. ಅಪ್ಪ ಅಲ್ಲಿದ್ದ. ನಾನು ಇಲ್ಲಿ, ಆಫೀಸಿನ ನೈಟ್ ಶಿಫ್ಟ್‌ನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. "ಹಿಮ್ಮೇಳ ನಿಂತಿತು ನೋಡು, ಅದೇ ದೊಡ್ಡ ಶಬ್ದ" ಅಂದ ಅಪ್ಪ. ಅದರ ಮೇಲೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಾತ್ರಿ ಹತ್ತೂ ಇಪ್ಪತ್ತಕ್ಕೆ ಫೋನ್ ಮಿನುಗಿತು. ಕೆಳಗಿನ ಮನೆಯವರು. ಮಗಳಿಗೆ ಬೆಳಿಗ್ಗೆ ಪರೀಕ್ಷೆ ಇದೆ, ಏನೋ ಗುದ್ದಿದ ಹಾಗೆ ಆಗ್ತಿದೆ, ದಯವಿಟ್ಟು. ತುಂಬಾ ಮರ್ಯಾದೆಯ ಮೆಸೇಜು. ನಾನು ತಕ್ಷಣ ಆಫ್ ಮಾಡಿದೆ. ಅಪ್ಪನಿಗೆ ಅರ್ಥವಾಗಲಿಲ್ಲ. "ಕೆಳಗಿನವರಿಗೂ ಕೇಳ್ತದಾ? ಕೇಳಿದ್ರೆ ಒಳ್ಳೇದೇ ಅಲ್ವಾ?"

ತಲೆತಲಾಂತರದಿಂದ ಪಕ್ಕದ ಊರಿಗೂ ಕೇಳಿಸುವುದೇ ಗೌರವ ಅಂದುಕೊಂಡು ಬೆಳೆದವನಿಗೆ, ಪಕ್ಕದ ಮನೆಗೆ ಕೇಳಿಸುವುದು ತಪ್ಪು ಅಂತ ಹೇಗೆ ಹೇಳೋದು? ಆದರೆ ಕೆಳಗಿನ ಮನೆಯ ಹುಡುಗಿಯದ್ದೂ ತಪ್ಪಿಲ್ಲ. ಶಬ್ದ ಮಾಲಿನ್ಯದ ನಿಯಮಗಳು 2000ರಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಅಂತ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ ಅಂದದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಈಗ ಎಷ್ಟೋ ಕಡೆ 'ಕಾಲಮಿತಿ' ಆಗಿರುವುದಕ್ಕೆ ಜನರ ಬಿಡುವಿಲ್ಲದ ಬದುಕಿನಷ್ಟೇ ಈ ನಿಯಮವೂ ಕಾರಣ. ಗಂಟಲು, ಚರ್ಮ, ಮರ ಇದ್ದಷ್ಟು ಕಾಲ ಶಬ್ದಕ್ಕೆ ಒಂದು ಮಿತಿ ತಾನಾಗಿಯೇ ಇತ್ತು. ವೈರ್ ಬಂದ ಮೇಲೆ ಆ ಮಿತಿಯನ್ನು ಕಾನೂನು ಹಾಕಬೇಕಾಯ್ತು.

ಸಬ್‌ವೂಫರ್ ವಿಷಯ ಇನ್ನೂ ಕಷ್ಟ. 80 ಹರ್ಟ್ಜ್‌ನ ಅಲೆ 4.3 ಮೀಟರ್ ಉದ್ದ. ಪರದೆ, ಸೋಫಾ, ಬಾಗಿಲು ಅದಕ್ಕೆ ಲೆಕ್ಕಕ್ಕಿಲ್ಲ. ನೆಲದ ಮೇಲೆ ನೇರ ಕೂತ ಪೆಟ್ಟಿಗೆ ಕಾಂಕ್ರೀಟ್ ಸ್ಲ್ಯಾಬನ್ನೇ ಮದ್ದಲೆ ಮಾಡಿಕೊಳ್ಳುತ್ತದೆ. ನಾನು ಮಾಡಿದ ತಪ್ಪು ಮೂಲೆಯಲ್ಲಿ ಇಟ್ಟದ್ದು. ಮೂಲೆಯಲ್ಲಿ ಗೋಡೆಗಳು ಸೇರಿ ಶಬ್ದವನ್ನು ಹೆಚ್ಚಿಸುತ್ತವೆ, ಆದರೆ ಅಪ್ಪನ ಕುರ್ಚಿ ಅಲ್ಲಿಂದ ನಾಲ್ಕು ಮೀಟರ್ ದೂರ. ಅವನಿಗೆ ತಲುಪಿಸಲಿಕ್ಕೆ ಇಡೀ ಕಟ್ಟಡಕ್ಕೆ ತಲುಪಿಸುತ್ತಿದ್ದೆ. ಹಾರ್ನ್‌ನವರು ಮಾಡಿದ್ದೂ ಇದನ್ನೇ ಅಲ್ವಾ?

ಉತ್ತರ ಅಪ್ಪನ ಮಾತಲ್ಲೇ ಇತ್ತು. ಮದ್ದಲೆ ಹತ್ತಿರದವರಿಗೆ. ಮಾರನೇ ದಿನ ಉದ್ದದ ಆರ್‌ಸಿಎ ಕೇಬಲ್ ತಂದು, ಸಬ್‌ವೂಫರನ್ನು ಮೂಲೆಯಿಂದ ಎತ್ತಿ ಅಪ್ಪನ ಕುರ್ಚಿಯ ಪಕ್ಕಕ್ಕೇ, ಕೈಯಳತೆಯಲ್ಲಿ, ದಪ್ಪ ಫೋಮ್ ಮೇಲೆ ಇಟ್ಟೆ. ಜಾಗ ಬದಲಾಗಿದ್ದಕ್ಕೆ ದೂರದ ಅಳತೆಯನ್ನು ಮೆನುವಿನಲ್ಲಿ ತಿದ್ದಿ, ಮಟ್ಟವನ್ನು 10 ಡೆಸಿಬೆಲ್ ಇಳಿಸಿದೆ. ಅಪ್ಪನಿಗೆ ಮೊದಲಿಗಿಂತ ಚೆನ್ನಾಗಿ ಕೇಳಿತು. ಕೆಳಗಿನ ಮನೆಗೆ ಹೋಗಿ ಬೆಲ್ ಒತ್ತಿ, ಮೇಲೆ ಆಟ ನಡೆಯುತ್ತಿರುವಾಗಲೇ ಅವರ ಹಾಲ್‌ನಲ್ಲಿ ನಿಂತು ಕೇಳಿದೆ. ಫ್ಯಾನ್ ಸದ್ದು ಬಿಟ್ಟರೆ ಏನಿಲ್ಲ. ಆದರೂ ಒಂದು ಒಪ್ಪಂದ ಮಾಡಿಕೊಂಡೆವು: ಏಳರಿಂದ ಒಂಬತ್ತೂವರೆ. ನಮ್ಮದೂ ಕಾಲಮಿತಿ ಆಟ.

ಅಕ್ಟೋಬರ್‌ನಲ್ಲಿ ಅಪ್ಪ ಊರಿಗೆ ಹೊರಟ. ಹೊರಡುವ ಹಿಂದಿನ ಸಂಜೆ ಒಂಬತ್ತನೇ ಕ್ಯಾಸೆಟ್ಟಿನ ಕೊನೆಯ ಭಾಗ ಕೇಳುತ್ತಾ, ಸಬ್‌ವೂಫರ್ ಪೆಟ್ಟಿಗೆಯ ಮೇಲೆ ಅಂಗೈ ಊರಿಕೊಂಡು ಕೂತಿದ್ದ. ಕಿವಿಗೆ ಸಿಗದ್ದನ್ನು ಕೈಯಲ್ಲಿ ಹುಡುಕುವವನ ಹಾಗೆ. ಸೀಲಿಂಗ್‌ನ ನಾಲ್ಕು ಸ್ಪೀಕರ್ ಆ ನಾಲ್ಕು ತಿಂಗಳಲ್ಲಿ ಹತ್ತು ಸಲವೂ ಹಾಡಿರಲಿಕ್ಕಿಲ್ಲ. "ಇದನ್ನ ಊರಿಗೆ ತಗೊಂಡು ಹೋಗ್ಲಾ?" ಅಂತ ಕೇಳಿದೆ. ಅವನು ತಲೆ ಆಡಿಸಿದ. "ಅಲ್ಲಿ ಎಂತಕ್ಕೆ? ತೇರಿಗೆ ನೀನೇ ಬಾ. ಮುಂದಿನ ಚಾಪೆಯಲ್ಲಿ ಜಾಗ ಹಿಡಿದಿಡ್ತೆ."

ಈ ಸಲ ರಥಸಪ್ತಮಿಗೆ ರಜೆ ಹಾಕಿದ್ದೇನೆ.